ಬಿರಡೆ ಕಿತ್ತಾಗ ನೋಡೋಣ

ನೀರಿನ ಬಾಟಲಿಯನ್ನು ತೆರೆಯುತ್ತಾರೆ, ಬಿಯರ್ ಬಾಟಲಿಯ ಮುಚ್ಚಳ ಹಾರಿಸುತ್ತಾರೆ. ವೈನ್ ಬಾಟಲಿಯ ಬಿರಡೆಯನ್ನು ಕೀಳುತ್ತಾರೆ. ಅದಕ್ಕೆ ನಮ್ಮ ಇಟಾಲಿಯನ್ ಭಾಷೆಯಲ್ಲಿ ಅದರದ್ದೇ ಒಂದು ಮಾತಿದೆ, ‘ಸ್ತಪ್ಪಾರೆ’ ಅಂತ. ಕಾರ್ಕಿನ ಬಿರಡೆ ಇಲ್ಲದ ಕಡೆ ಆ ಮಾತು ಆಡಿದರೆ ನನ್ನ ಬಾರಿನಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ಒಂದು ಬೇಸಿಗೆಯಲ್ಲಿ ಸಮುದ್ರಕ್ಕೆ ಹೊರಟಿದ್ದ ಮಿಲಾನಿನವನೊಬ್ಬ ಒಳಗೆ ಬಂದು, ತಿರುಪಿನ ಮುಚ್ಚಳದ ಸೋಡಾ ಬಾಟಲಿ ತೋರಿಸಿ, “ಇದರ ಬಿರಡೆ ಕಿತ್ತು ಕೊಡಿ” ಅಂದ. ಮೂಲೆಯಲ್ಲಿ ಇಸ್ಪೀಟು ಆಡುತ್ತಿದ್ದ ಮತ್ತೇವು ತಲೆ ಎತ್ತದೆಯೇ, “ಬಸ್ತಿಯಾನು, ಹಾಗೇ ಅವರ ಕಾರಿನ ಬಾಗಿಲೂ ಕಿತ್ತು ಕೊಡು” ಅಂದ. ಎಲ್ಲರೂ ಏಕೆ ನಗುತ್ತಿದ್ದಾರೆಂದು ಪಾಪ ಆ ಮನುಷ್ಯನಿಗೆ ಗೊತ್ತಾಗಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಯಾರದಾದರೂ ಮನೆಯಲ್ಲಿ ಮಗು ಹುಟ್ಟಿದರೆ, ಮಗ ಪರೀಕ್ಷೆ ಪಾಸಾದರೆ, ವರ್ಷಗಟ್ಟಲೆ ಎಳೆದ ವ್ಯಾಜ್ಯ ಮುಗಿದರೆ, “ಹಾಗಾದ್ರೆ ಬಿರಡೆ ಕೀಳಲೇಬೇಕು” ಅನ್ನುತ್ತಾರೆ. ಅದು ಇಟಲಿಯಲ್ಲೆಲ್ಲ ಇರುವ ಬಳಕೆಯೇ. ಆದರೆ ನಮ್ಮ ಕಲಂಜಾನುಸ್ ಕಾರ್ಕಿನ ಊರು. ಸುತ್ತಲ ಬೆಟ್ಟದ ಮರಗಳ ತೊಗಟೆ ಸುಲಿದು, ಬೇಯಿಸಿ, ಬಿರಡೆ ಕತ್ತರಿಸಿಯೇ ಈ ಊರು ಹೊಟ್ಟೆ ಹೊರೆದದ್ದು. ಹಾಗಾಗಿ ನನ್ನ ಬಾರಿನಲ್ಲಿ ಬಾಟಲಿಯಿಂದ ಮೊದಲು ಸುತ್ತು ಹೊಡೆಯುವುದು ವೈನ್ ಅಲ್ಲ, ಬಿರಡೆ. ಕೈಯಿಂದ ಕೈಗೆ ಹೋಗುತ್ತದೆ. ಒಬ್ಬ ಹಿಸುಕುತ್ತಾನೆ, ಒಬ್ಬ ಮೂಸುತ್ತಾನೆ, ಒಬ್ಬ ಬೆಳಕಿಗೆ ಹಿಡಿದು ರಂಧ್ರ ನೋಡುತ್ತಾನೆ. ಬಿರಡೆ ಎಲ್ಲರ ಕೈ ದಾಟಿ ಬಂದ ಮೇಲೆಯೇ ನಾನು ಲೋಟಕ್ಕೆ ಬಗ್ಗಿಸುವುದು. ವೈನಿಗೆ ಬಿರಡೆಯ ಮುಗ್ಗಲು ವಾಸನೆ ಹತ್ತಿದೆ ಅಂತ ಬೇರೆ ಊರಿನಲ್ಲಿ ಗಟ್ಟಿಯಾಗಿ ಹೇಳಬಹುದು. ಇಲ್ಲಿ ಹೇಳಿದರೆ ಯಾರದೋ ಅಪ್ಪನನ್ನು ಬೈದ ಹಾಗೆ. “ಈ ಬಾಟಲಿಗೆ ಸ್ವಲ್ಪ ನೆಗಡಿ” ಅಂತ ನಾನೇ ಸದ್ದಿಲ್ಲದೆ ಎತ್ತಿಟ್ಟುಬಿಡುತ್ತೇನೆ.

ಹಾಗೆ ಎತ್ತಿಡಲು ಬಿಡದವಳು ಒಬ್ಬಳೇ, ನಿಕೊಲೋಸಕ್ಕ.

ಆಕೆ ನನಗೆ ರಕ್ತಸಂಬಂಧಿಯಲ್ಲ. ನಾನು ಹುಟ್ಟಿದ ಮನೆಯ ಪಕ್ಕದ ಮನೆಯವಳು, ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸಿದವಳು. ಆದ್ದರಿಂದ ಅಕ್ಕ. ಅವಳ ಗಂಡ ಕ್ವಿರಿಕೊ ಹಾಗಾಗಿ ಭಾವ. ಅಕ್ಕ ಓದು ಬಿಟ್ಟ ವರ್ಷವೇ ಬಿರಡೆ ಕಾರ್ಖಾನೆಯ ಆರಿಸುವ ಮೇಜಿಗೆ ಸೇರಿದಳು. ಎದುರಿಗೆ ಬಿರಡೆಗಳ ರಾಶಿ, ಸುತ್ತ ಬುಟ್ಟಿಗಳು. ಒಳ್ಳೆಯದು ಒಂದಕ್ಕೆ, ಸಾಧಾರಣದ್ದು ಇನ್ನೊಂದಕ್ಕೆ, ಕೆಟ್ಟದ್ದು ಕೊನೆಯ ಬುಟ್ಟಿಗೆ. ಆ ಕೊನೆಯ ಬುಟ್ಟಿಗೆ ‘ಪುಡಿಗೆ’ ಅಂತಲೇ ಹೆಸರು, ಅದರಲ್ಲಿ ಬಿದ್ದದ್ದೆಲ್ಲ ಗಿರಣಿಗೆ ಹೋಗಿ ಪುಡಿಯಾಗುತ್ತದೆ. ಉಳಿದ ಹೆಂಗಸರು ಕಣ್ಣಿನಿಂದ ಆರಿಸುತ್ತಿದ್ದರು, ಅಕ್ಕ ಮೂಗಿನಿಂದಲೂ ಆರಿಸುತ್ತಿದ್ದಳು. ಆ ಮೂಗಿಗಾಗಿ ಅವಳು ಬಿಟ್ಟದ್ದು ಒಂದೆರಡಲ್ಲ. ಕೆಲಸದ ದಿನ ಈರುಳ್ಳಿ ಮುಟ್ಟಲಿಲ್ಲ, ಘಮದ ಸೋಪು ಮನೆಗೆ ತರಲಿಲ್ಲ. ತನ್ನ ಮದುವೆಯ ದಿನ ಅತ್ತೆ ತಂದ ಸೆಂಟನ್ನು “ನಾಳೆ ಕೆಲಸ ಇದೆ” ಅಂತ ವಾಪಸು ಕೊಟ್ಟಳು. ಆ ಅತ್ತೆ ಸಾಯುವವರೆಗೂ ಅದನ್ನು ಮರೆಯಲಿಲ್ಲ.

ಕೋಪವೂ ಅವಳಿಗೆ ಆ ಮೂಗಿನ ತುದಿಯಲ್ಲೇ. ಒಮ್ಮೆ ಅವಸರದ ಸರಕು ಹೊರಡಬೇಕಿತ್ತು. ಆಗ ಅಲ್ಲಿ ಮೇಸ್ತ್ರಿಯಾಗಿದ್ದ ಮತ್ತೇವು ಬಂದು, “ಈ ಒಂದು ಬುಟ್ಟಿ ಕಣ್ಣು ಮುಚ್ಚಿ ಬಿಟ್ಬಿಡು ನಿಕೊಲೋಸಾ, ಯಾರಿಗೆ ಗೊತ್ತಾಗುತ್ತೆ” ಅಂದ. ಅಕ್ಕ ಆ ಬುಟ್ಟಿಯನ್ನೆತ್ತಿ ಅವನ ಕಾಲ ಮೇಲೆ ಸುರಿದು, “ನಿಂಗೆ ಗೊತ್ತಾಯ್ತಲ್ಲ, ಈಗ ನೀನೇ ಆರಿಸು” ಅಂದಳು. ಮತ್ತೇವು ಇವತ್ತಿಗೂ ಅವಳು ಬಾರಿಗೆ ಬಂದರೆ ಕಾಲು ಒಳಗೆ ಎಳೆದುಕೊಳ್ಳುತ್ತಾನೆ. ಕೆಟ್ಟ ಬಿರಡೆಯನ್ನು ಅವಳು ಒಂದು ಸಲವೂ ಒಳ್ಳೆಯದು ಅಂದವಳಲ್ಲ, ಇದು ಊರಿಗೇ ಗೊತ್ತಿರುವ ಸಂಗತಿ.

ಇಂಥವಳನ್ನು ಕಟ್ಟಿಕೊಂಡ ಕ್ವಿರಿಕೊ ಭಾವ ತೊಗಟೆ ಸುಲಿಯುವವನು. ಮರಕ್ಕೆ ಕೊಡಲಿ ಹಾಕುವುದು ಹೇಳಿದಷ್ಟು ಸುಲಭವಲ್ಲ. ಹೊರಗಿನ ತೊಗಟೆ ಬಿಡಿಸಬೇಕು, ಒಳಗಿನ ಪದರಕ್ಕೆ ಏಟು ತಾಗಬಾರದು. ಆ ಒಳಪದರವನ್ನು ನಾವು ‘ತಾಯಿ’ ಅನ್ನುತ್ತೇವೆ. ತಾಯಿಗೆ ಗಾಯವಾದರೆ ಮರ ಹೋಯಿತು ಅಂತಲೇ. ಭಾವನ ಕೊಡಲಿಗೆ ಸತ್ತ ಮರ ನಾನು ಕೇಳಿಲ್ಲ. ಮೊದಲ ಸಲ ಸುಲಿದ ತೊಗಟೆ ಜೇನುಗೂಡಿಗೆ, ಹಂದಿ ಕೊಟ್ಟಿಗೆಯ ಮಾಡಿಗೆ ಆಗುತ್ತದೆ. ಹತ್ತು ಹನ್ನೆರಡು ವರ್ಷ ಬಿಟ್ಟು ಎರಡನೇ ಸಲ ಸುಲಿದದ್ದು ಗೋಡೆಗೆ, ನೆಲಕ್ಕೆ. ಮತ್ತೆ ಅಷ್ಟೇ ವರ್ಷ ಕಾದು ಮೂರನೇ ಸಲ ಸುಲಿದಾಗ ತೊಗಟೆ ಮೆತ್ತಗಾಗಿ ಬಿರಡೆಗೆ ಬರುತ್ತದೆ. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ಭಾವನಿಗಂತೂ ಗೊತ್ತೇ ಇತ್ತು.

ಗೊತ್ತಿದ್ದೂ ಅವನು ಆ ಕೆಲಸ ಮಾಡಿದ. ಮಗಳು ಇಲಾರಿಯಾ ಹುಟ್ಟಿದ್ದು ಜೂನಿನಲ್ಲಿ, ಸುಲಿಯುವ ಕಾಲದಲ್ಲಿ. ಅದೇ ವಾರ ಭಾವ ತನ್ನ ತಾಯಿಯ ಮನೆಯ ಹಿಂದಿನ ಮರವನ್ನು ಸುಲಿದ. ಅದಕ್ಕೆ ಅದು ಎರಡನೇ ಸಲ. ಮೊದಲ ಸಲ ಅಪ್ಪನ ಜೊತೆ ನಿಂತು ಸುಲಿದಾಗ ಅವನಿಗೆ ಇನ್ನೂ ಮದುವೆಯೂ ಆಗಿರಲಿಲ್ಲವಂತೆ. ಈ ಎರಡನೇ ತೊಗಟೆಯ ಒಂದು ತುಂಡನ್ನು ತಾಯಿಯ ಹಂಡೆಯಲ್ಲಿ ಬೇಯಿಸಿ, ಚಳಿಗಾಲವಿಡೀ ಒಣಗಿಸಿ, ವಸಂತದಲ್ಲಿ ಚಾಕುವಿನಿಂದ ಒಂದು ಬಿರಡೆ ಕೆತ್ತಿದ. ಒಣದ್ರಾಕ್ಷಿಯಿಂದ ಮಾಡಿದ ಸಿಹಿ ವೈನ್ ಮಾವನ ಮನೆಯಿಂದ ತಂದು, ಬಾಟಲಿಗೆ ತುಂಬಿ, ಅದನ್ನು ಒತ್ತಿದ. ಅವನ ಮನೆತನದ ಪದ್ಧತಿ ಅದು: ಮಗು ಹುಟ್ಟಿದಾಗ ಮುಚ್ಚಿಟ್ಟ ಬಾಟಲಿಯ ಬಿರಡೆಯನ್ನು ಆ ಮಗುವಿನ ಮದುವೆಯ ದಿನ ಕೀಳಬೇಕು.

ಅಕ್ಕ ಆ ಬಿರಡೆ ನೋಡಿದ್ದು ಬಾಟಲಿಯ ಬಾಯಲ್ಲಿ.

“ಇದು ಎರಡನೇ ತೊಗಟೆ,” ಅಂದಳು.

“ಹೌದು. ನನ್ನ ಮಗಳು ಹುಟ್ಟಿದ ವಾರದ್ದು.”

“ನಿನ್ನ ಮಗಳು ಹುಟ್ಟಿದ ವಾರ ಕತ್ತೆಯೂ ಮರಿ ಹಾಕಿತ್ತು, ಅದನ್ನೂ ತುರುಕು. ಪುಡಿಗೆ ಹೋಗೋ ಮಾಲು ಮಾರಾಯ ಇದು. ಹತ್ತು ವರ್ಷ ಹಿಡಿಯಲ್ಲ.”

“ಹಿಡಿಯುತ್ತೆ.”

“ಹಿಡಿಯಲ್ಲ.”

“ಬಿರಡೆ ಕಿತ್ತಾಗ ನೋಡೋಣ,” ಅಂದ ಭಾವ.

ಈ ಮಾತು ಆ ಮನೆ ಹೊಕ್ಕಿದ್ದು ಹಾಗೆ, ಆಮೇಲೆ ಹೊರಗೆ ಹೋಗಲೇ ಇಲ್ಲ. ಸೌದೆ ಒಲೆ ತೆಗೆದು ಗ್ಯಾಸ್ ಹಾಕಿಸುವ ಜಗಳ ಬಂತು. ಗ್ಯಾಸಿನಲ್ಲಿ ಸುಟ್ಟ ರೊಟ್ಟಿಗೆ ರುಚಿಯಿಲ್ಲ ಅಂತ ಭಾವ, ಸೌದೆ ಹೊರುವವರು ಯಾರು ಅಂತ ಅಕ್ಕ. ಕೊನೆಗೆ ಉಸಿರು ಸಾಲದವರು, “ಆಯ್ತು, ಬಿರಡೆ ಕಿತ್ತಾಗ ನೋಡೋಣ” ಅಂದರು. ಬಿಳಿ ಕಾರು ಕೊಂಡಾಗಲೂ ಅದೇ. ಇಲಾರಿಯಾಳನ್ನು ಕಾಲ್ಯರಿ ಪಟ್ಟಣಕ್ಕೆ ಓದಲು ಕಳಿಸುವಾಗಲೂ ಅದೇ. ಅವಳು ಅಲ್ಲೇ ಕೆಲಸ ಹಿಡಿದು, ಒಬ್ಬ ಒಳ್ಳೆಯ ಹುಡುಗನ ಜೊತೆ ಸಂಸಾರ ಹೂಡಿ, “ಮದುವೆ ಗಿದುವೆ ನಮಗೆ ಬೇಡ” ಅಂದಾಗ ಜಗಳ ತಾರಕಕ್ಕೇರಿತು. ಅವಳ ಇಷ್ಟ ಅಂತ ಅಕ್ಕ, ಬಾಟಲಿಯ ಗತಿ ಏನು ಅಂತ ಭಾವ. ಬೇರೆ ಮನೆಗಳಲ್ಲಿ ಬಿರಡೆ ಕೀಳುವುದೆಂದರೆ ಹಬ್ಬ. ಆ ಮನೆಯಲ್ಲಿ ಅದು ಕೋರ್ಟಿನ ತೀರ್ಪು. ಆ ಒಂದು ಬಿರಡೆಯಲ್ಲಿ ಯಾರು ಗೆದ್ದರೋ ಅವರು ಅಷ್ಟೂ ಜಗಳ ಗೆದ್ದ ಹಾಗೆ. ತೀರ್ಪಿನ ದಿನ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ನನ್ನನ್ನು ಕೇಳಿದರೆ ಇಬ್ಬರಿಗೂ ಅದರಲ್ಲಿ ಸುಖವೇ ಇತ್ತು.

ಹೀಗೇ ಮೂವತ್ತು ವರ್ಷ. ಅಕ್ಕನಿಗೆ ಪಿಂಚಣಿ ಬಂತು, ಭಾವ ಕೊಡಲಿ ಕೆಳಗಿಟ್ಟ. ಆಮೇಲೆ ಭಾವನಿಗೆ ಚರ್ಚಿನ ಮೆಟ್ಟಿಲು ಹತ್ತುವುದರೊಳಗೆ ಉಸಿರು ಕಟ್ಟತೊಡಗಿತು. ಹೃದಯದ ಒಂದು ಕವಾಟ ಸವೆದಿದೆ, ಸಾಸರಿಯ ಆಸ್ಪತ್ರೆಯಲ್ಲಿ ಎದೆ ತೆರೆದು ಬದಲಿಸಬೇಕು ಅಂದರು ಡಾಕ್ಟರು. ಆಗ ಅವನಿಗೆ ಎಪ್ಪತ್ತು ದಾಟಿತ್ತು.

ಆಸ್ಪತ್ರೆಗೆ ಹೊರಡುವ ಹಿಂದಿನ ಭಾನುವಾರ ಭಾವ ಬಾರಿಗೆ ಬಂದ. ಕೋಟಿನೊಳಗಿಂದ ಆ ಬಾಟಲಿ ತೆಗೆದು ನನ್ನ ಮುಂದೆ ಇಟ್ಟ.

“ಕೀಳು,” ಅಂದ.

“ಭಾವ, ಮದುವೆ ಎಲ್ಲಿ?”

“ಮದುವೆ ಕಾಯ್ತಾ ಕೂತ್ರೆ ನಾನೇ ಇರಲ್ಲ. ಕತ್ತಿ ಹಾಕೋರ ಕೈಗೆ ಹೋಗ್ತಿದೀನಿ ಬಸ್ತಿಯಾನು. ನನ್ನ ಬಿರಡೆ ಸರಿಯಾಗಿತ್ತೋ ಇಲ್ವೋ ತಿಳ್ಕೊಂಡು ಹೋಗ್ತೀನಿ.”

ಬಾರಿನಲ್ಲಿ ಇಸ್ಪೀಟು ನಿಂತಿತು. ನಾನು ಬಿರಡೆ ಕೀಳುವ ತಿರುಪುಮೊಳೆ ಕೈಗೆ ತೆಗೆದುಕೊಂಡೆ, ಆದರೆ ಹಾಕಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ. ಅಡುಗೆಮನೆಯ ಚಪ್ಪಲಿಯಲ್ಲೇ ಓಡಿಬಂದಿದ್ದಳು, ಕೈಗೆ ಹಿಟ್ಟು ಮೆತ್ತಿತ್ತು.

“ಬಸ್ತಿಯಾನು, ಅದನ್ನ ಕೆಳಗಿಡು. ಇಲ್ಲಾಂದ್ರೆ ನಿನ್ನ ಬಾರಿನ ಕಡೆ ಈ ಜನ್ಮದಲ್ಲಿ ತಲೆ ಹಾಕಲ್ಲ.”

ನಾನು ಕೆಳಗಿಟ್ಟೆ.

“ಇದು ನನ್ನ ಬಾಟಲಿ,” ಅಂದ ಭಾವ.

“ಬಿರಡೆ ನಿಂದು. ಬಾಟಲಿ ನನ್ನ ಮನೇದು.”

“ನೋಡು ನಿಕೊಲೋಸಾ, ನಾಳೆ ಏನಾಗುತ್ತೋ ಯಾರಿಗೆ ಗೊತ್ತು. ಇದೊಂದು ಮುಗಿಸಿ ಹೋಗ್ತೀನಿ.”

“ಮುಗಿಸೋದು ಬೇಡ. ನೀನು ವಾಪಸು ಬಂದಾಗ ಕೀಳೋದು. ಅಲ್ಲೀವರೆಗೂ ಇಲ್ಲ.”

“ಬರದೇ ಹೋದ್ರೆ?”

ಅಕ್ಕ ಬಾಟಲಿಯನ್ನು ಎದೆಗವಚಿಕೊಂಡಳು. ಹಿಟ್ಟು ಅದಕ್ಕೂ ಮೆತ್ತಿತು.

“ಬರದೇ ಹೋದ್ರೆ ನೀನು ಸೋತೆ ಅಂತ ಲೆಕ್ಕ. ಇದನ್ನ ಹಾಗೇ ಚರಂಡಿಗೆ ಸುರೀತೀನಿ. ಕ್ವಿರಿಕೊ ಕೆತ್ತಿದ ಬಿರಡೆ ಕೊಳೆತಿತ್ತು ಅಂತ ಚೌಕದಲ್ಲಿ ನಿಂತು ಕೂಗ್ತೀನಿ. ನೀನು ಬಂದು ಅಲ್ಲ ಅನ್ನಬೇಕು, ಬೇರೆ ದಾರಿ ಇಲ್ಲ.”

ಅವಳು ಹೋದ ಮೇಲೆ ಭಾವ ಬಾಗಿಲ ಕಡೆ ನೋಡಿ, “ಹೆಂಗಸಾ ಅದು,” ಅಂತ ಗೊಣಗಿದ. ಒಂದು ಕಾಫಿ ಕುಡಿದು, ಅವಳ ಹಿಂದೆಯೇ ಮನೆಗೆ ಹೋದ.

ಆಪರೇಷನ್ ಚೆನ್ನಾಗಿಯೇ ಆಯಿತು ಅಂತ ಇಲಾರಿಯಾ ಬಾರಿಗೆ ಫೋನ್ ಮಾಡಿದಳು, ನಾವೆಲ್ಲ ಬಿರಡೆ ಕಿತ್ತೆವು. ನಮ್ಮ ಆತುರ ಅದು. ಎರಡು ದಿನಕ್ಕೆ ಭಾವನಿಗೆ ಜ್ವರ ಹಿಡಿಯಿತು, ಜ್ವರ ಪುಪ್ಪುಸಕ್ಕಿಳಿಯಿತು. ಮೈಮೇಲೆ ಪ್ರಜ್ಞೆ ಇಲ್ಲದ ಹಾಗೆ ಮಲಗಿಸಿ, ಉಸಿರಾಟದ ಮೆಷಿನ್ ಹಾಕಿದರು. ಅಕ್ಕ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದು ಅಲ್ಲೇ ಉಳಿದಳು. ಒಂದು ಮಧ್ಯಾಹ್ನ ಬಟ್ಟೆ ತೆಗೆದುಕೊಂಡು ಹೋಗಲು ಊರಿಗೆ ಬಂದವಳು ನನ್ನ ಬಾರಿಗೆ ಬಂದು ನಿಂತಳು. ಆಗ ತಾನೇ ಕಿತ್ತ ಬಿರಡೆಯೊಂದು ಮೇಜಿನ ಮೇಲಿತ್ತು. ಅಭ್ಯಾಸಬಲದಿಂದ ಎತ್ತಿ ಮೂಸಿದಳು. ಮತ್ತೆ ಮೂಸಿದಳು.

“ನಂಗೇನೂ ವಾಸನೆ ಬರ್ತಿಲ್ಲ ಬಸ್ತಿಯಾನು,” ಅಂದಳು.

“ಆಸ್ಪತ್ರೆ ಔಷಧಿ ವಾಸನೆ ಮೂಗಿಗೆ ತುಂಬಿರುತ್ತೆ ಅಕ್ಕಾ. ಸರಿಹೋಗುತ್ತೆ.”

“ಅವನು ಕೇಳ್ದಾಗ್ಲೇ ಕಿತ್ತುಬಿಡಬೇಕಿತ್ತೇನೋ. ಪಾಪ, ಒಂದು ಗುಟುಕು ಕುಡಿದು ಹೋಗಿರ್ತಿದ್ದ.”

ಅಕ್ಕ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ತಾಯಿ ತೀರಿದಾಗಲೂ ಅತ್ತಿರಲಿಲ್ಲ. ಮೂಲೆಯಿಂದ ಮತ್ತೇವು ಎದ್ದುಬಂದು, ಅವಳ ಚೀಲ ಹೊತ್ತು, ಸಾಸರಿಯವರೆಗೆ ತನ್ನ ಕಾರಿನಲ್ಲಿ ಬಿಟ್ಟುಬಂದ.

ಭಾವ ಕಣ್ಣು ಬಿಟ್ಟ. ಗಂಟಲಿನಿಂದ ನಳಿಗೆ ತೆಗೆದ ಮೇಲೆ ಅವನು ಆಡಿದ ಮೊದಲ ಮಾತು, “ಸುರಿದ್ಲಾ?” ಅಂತ. ನರ್ಸಿಗೆ ತಲೆಬುಡ ತಿಳಿಯಲಿಲ್ಲ, ಇಲಾರಿಯಾಳಿಗೆ ತಿಳಿಯಿತು. “ಇಲ್ಲಪ್ಪ, ಮನೇಲಿದೆ” ಅಂದಳಂತೆ. ಅವಳು ಫೋನಿನಲ್ಲಿ ಅದನ್ನು ನಗುತ್ತ ಅಳುತ್ತ ಹೇಳಿದಳು. ನಾನು ಫೋನ್ ಇಟ್ಟು ಅಡುಗೆಕೋಣೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅಕ್ಟೋಬರಿನಲ್ಲಿ ಭಾವ ಊರಿಗೆ ಬಂದ. ಒಂದು ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಬಾರಿಗೆ ಬರುತ್ತೇವೆಂದು ಹೇಳಿಕಳಿಸಿದರು. ಅಂಗಿ ಅವನ ಮೈಮೇಲೆ ಗೂಟಕ್ಕೆ ತೂಗುಹಾಕಿದ ಹಾಗಿತ್ತು. ಇಲಾರಿಯಾ ಒಂದು ತೋಳು ಹಿಡಿದಿದ್ದಳು, ಅವಳ ಹುಡುಗ ಇನ್ನೊಂದು. ಹಿಂದೆ ಅಕ್ಕ, ಕೈಯಲ್ಲಿ ಬಾಟಲಿ. ನೆಂಚಿಕೊಳ್ಳಲೆಂದು ನಾನು ಕುರಿಹಾಲಿನ ಪೆಕೊರಿನೊ ಗಿಣ್ಣು, ಸಾಸೇಜು ಕತ್ತರಿಸಿ ಇಟ್ಟಿದ್ದೆ. ಯಾರೂ ಮುಟ್ಟಲಿಲ್ಲ.

“ಮದುವೆ ಇಲ್ಲದೆ ಕೀಳ್ತಿದೀವಿ, ಅಜ್ಜಿ ಕೇಳಿದ್ರೆ ಏನಂತಿದ್ಲೋ,” ಅಂದಳು ಇಲಾರಿಯಾ.

“ನಿಮ್ಮಜ್ಜಿ ಯಾವಾಗ ಖುಷಿಯಾಗಿದ್ಲು,” ಅಂದಳು ಅಕ್ಕ. “ಬಸ್ತಿಯಾನು, ಕೀಳು.”

ನಲವತ್ತು ವರ್ಷದಿಂದ ಬಿರಡೆ ಕೀಳುತ್ತಿರುವ ಕೈ ಇದು. ಅವತ್ತು ಅದನ್ನು ಎರಡು ಸಲ ಅಂಗಿಗೆ ಒರೆಸಿಕೊಂಡೆ. ತಿರುಪುಮೊಳೆ ಇಳಿಯುವಾಗಲೇ ಗೊತ್ತಾಯಿತು, ಬಿರಡೆ ಹಿಡಿತ ಕೊಡುತ್ತಿಲ್ಲ. ಮೆಲ್ಲಗೆ ಎಳೆದೆ, ಅರ್ಧ ಬಂತು. ಉಳಿದರ್ಧವನ್ನು ಓರೆಯಾಗಿ ಚುಚ್ಚಿ, ಉಸಿರು ಹಿಡಿದು ತೆಗೆದೆ. ಎರಡು ತುಂಡನ್ನೂ ತಟ್ಟೆಯಲ್ಲಿಟ್ಟು, ಪದ್ಧತಿಯಂತೆ ಕೈಯಿಂದ ಕೈಗೆ ಬಿಟ್ಟೆ. ಮೊದಲು ಮೂಸಿದವನು ಮೂಗು ಒರೆಸಿಕೊಂಡು ಪಕ್ಕಕ್ಕೆ ಕೊಟ್ಟ. ಪಕ್ಕದವನು ನೆಲ ನೋಡಿದ. ಇಲಾರಿಯಾಳ ಹುಡುಗ ಹೊರಗಿನವನು, ಅವನಿಗೂ ಮೂಗಿದೆಯಲ್ಲ, ತಟ್ಟೆಯನ್ನು ಬೇಗ ದಾಟಿಸಿದ. ಮತ್ತೇವುವಿನ ಕೈಗೆ ಬಂದಾಗ ಅವನು ಕೆಮ್ಮಿದ. “ಹಳೇದಾದ ಮೇಲೆ ಸ್ವಲ್ಪ ಹೀಗೆ… ಗಾಳಿಗೆ ಇಟ್ರೆ…” ಅಂತ ಏನೋ ಅಂದ. ಭಾವ ಎಲ್ಲರ ಮುಖ ನೋಡುತ್ತಿದ್ದ.

ತಟ್ಟೆ ಅಕ್ಕನ ಮುಂದೆ ನಿಂತಿತು. ಒಂದೇ ಒಂದು ಸುಳ್ಳು ಹೇಳು ಅಕ್ಕಾ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ದೊಡ್ಡ ತುಂಡನ್ನು ಎತ್ತಿ, ಬೆರಳಲ್ಲಿ ಉರುಳಿಸಿ, ಮೂಗಿಗೆ ಹಿಡಿದಳು. ಮೂಗಿನ ಹೊಳ್ಳೆ ಒಂದು ಸಲ ಅರಳಿತು. ಅವಳ ಮೂಗು ಅವಳಿಗೆ ವಾಪಸು ಬಂದಿತ್ತು.

“ಪುಡಿಗೆ,” ಅಂದಳು.

ಭಾವ ಮೆಲ್ಲಗೆ ತಲೆ ಆಡಿಸಿದ.

“ಹೌದು,” ಅಂದ. “ನಾನು ಸೋತೆ. ನೀನು ಅವತ್ತೇ ಹೇಳಿದ್ದೆ.”

ಈ ಮಾತು ಕೇಳಲು ಅಕ್ಕ ಮೂವತ್ತು ವರ್ಷ ಕಾದಿದ್ದಳು. ಕೇಳಿದ ತಕ್ಷಣ ಅವಳ ಮುಖದ ಬಣ್ಣವೇ ಹೋಯಿತು.

“ಅಷ್ಟೇನಾ?”

“ಅಷ್ಟೇ. ಗ್ಯಾಸಿನ ವಿಷಯದಲ್ಲೂ ನೀನೇ ಸರಿ. ಕಾರಿಂದೂ ಸರಿ. ಇಲಾರಿಯಾ ಮದುವೆ ಆಗ್ಲಿ ಬಿಡ್ಲಿ, ಹುಡುಗ ಒಳ್ಳೆಯವನು. ಅಮ್ಮ ತಂದ ಸೆಂಟಿನ ವಿಷಯದಲ್ಲೂ…”

“ಸುಮ್ನಿರು.”

“ಯಾಕೆ, ಸೋತಮೇಲೆ ಪೂರ್ತಿ ಸೋಲಬೇಕಲ್ಲ. ಮಗಳನ್ನ ಓದೋಕೆ ಕಳಿಸಿದಾಗ್ಲೂ ನಿಂದೇ…”

“ಸುಮ್ನಿರು ಅಂದ್ನಲ್ಲ ಕ್ವಿರಿಕೊ.” ಅವಳು ಅವನ ಹಣೆ ಮುಟ್ಟಿ ನೋಡಿದಳು, ಕತ್ತು ಮುಟ್ಟಿ ನೋಡಿದಳು. ಮಗಳ ಕಡೆ ತಿರುಗಿ, “ಇವನಿಗೆ ಅಲ್ಲಿ ಏನು ಮಾಡಿ ಕಳಿಸಿದಾರೆ?” ಅಂದಳು. ನಮಗೂ ಅದು ಸೋಲೊಪ್ಪುವ ಗಂಡನ ಮಾತಿನ ಹಾಗೆ ಕೇಳಲಿಲ್ಲ, ಎಲ್ಲರ ಪಾಲು ಎಲ್ಲರಿಗೆ ಹಂಚಿ ಹೊರಡುವವನ ಮಾತಿನ ಹಾಗೆ ಕೇಳಿತು. ಕವಾಟ ಹೊಸದು ಹಾಕಿದ್ದಾರೆ, ಆದರೆ ಒಳಗಿನ ಮನುಷ್ಯ ಅಲ್ಲೇ ಮಲಗಿಬಿಟ್ಟಿದ್ದಾನೇನೋ ಅನಿಸಿತು. ನನಗೆ ನಿಜಕ್ಕೂ ಭಯವಾಯಿತು.

ಭಾವ ತನ್ನ ಲೋಟ ಮುಂದೆ ತಳ್ಳಿದ. “ಬಗ್ಗಿಸು ಬಸ್ತಿಯಾನು. ಒಂದು ಗುಟುಕಿಗೆ ಡಾಕ್ಟರು ಬೇಡ ಅಂದಿಲ್ಲ.”

ಬಗ್ಗಿಸಿದೆ. ವೈನ್ ಕಂದಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವನು ತುಟಿಗಿಟ್ಟ, ಮುಖ ಕಿವುಚಿದ, ಆದರೂ ನುಂಗಿದ. ನಾಲಿಗೆಯನ್ನು ಬಾಯೊಳಗೆ ಆಡಿಸಿದ. ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಕಡಿದುಬಿದ್ದ ಬಿರಡೆಯ ತುಂಡನ್ನು ತಿರುಗಿಸಿ ನೋಡಿದ.

“ಅಲ್ಲ,” ಅಂದ, “ಈ ಬಾಟಲಿನ ಎಲ್ಲಿಟ್ಟಿದ್ದೆ ನೀನು?”

“ಎಲ್ಲಿಡ್ತಾರೆ? ಮೆಟ್ಟಿಲ ಕೆಳಗೆ.”

“ಮೆಟ್ಟಿಲ ಕೆಳಗಿನ ಗೋಡೆ ಹಿಂದೆ ಏನಿದೆ?”

ಅಕ್ಕ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

“ಅಗ್ಗಿಷ್ಟಿಕೆ,” ಅಂದ ಭಾವ. ನಮ್ಮೆಲ್ಲರ ಕಡೆ ತಿರುಗಿದ, ಬೆನ್ನು ನೆಟ್ಟಗಾಯಿತು. “ಚಳಿಗಾಲ ಪೂರ್ತಿ ಕಾದ ಗೋಡೆಗೆ ಒರಗಿಸಿ ಇಟ್ಟಿದಾಳೆ. ದೇವರು ಕೆತ್ತಿದ ಬಿರಡೆ ಆದ್ರೂ ಒಣಗಿ ಹೋಗುತ್ತೆ. ನನ್ನ ಬಿರಡೆಗೆ ಏನೂ ಆಗಿರಲಿಲ್ಲ. ಸೋತೆ ಅಂದಿದ್ದು ವಾಪಸು ತಗೊಂಡೆ.”

“ಏನಂದೆ?” ಅಕ್ಕನ ಮೂಗು ಕೆಂಪಾಯಿತು. “ಎರಡನೇ ತೊಗಟೆ ತಂದು ತುರುಕಿ, ಈಗ ಗೋಡೆ ಮೇಲೆ ಹಾಕ್ತೀಯಾ? ಮೂಸಿ ನೋಡು, ಒಣಗಿದ ವಾಸನೆನಾ ಇದು, ಕೊಳೆತ ವಾಸನೆನಾ?”

“ಮೂಸೋಳು ನೀನು. ಇಟ್ಟೋಳೂ ನೀನೇ. ನ್ಯಾಯ ಎಲ್ಲಿಂದ ಸಿಗುತ್ತೆ?”

“ಊರಿನವರೆಲ್ಲ ಮೂಸಿದಾರೆ.”

“ಊರಿನವರಿಗೆ ನಿನ್ನ ಭಯ. ಮತ್ತೇವು ಕಾಲು ನೋಡು ಎಲ್ಲಿದೆ.”

ಮತ್ತೇವುವಿನ ಕಾಲು ಕುರ್ಚಿಯ ಅಡಿಯಲ್ಲಿತ್ತು. ಇಲಾರಿಯಾ ನಗು ತಡೆಯಲಾರದೆ ಹುಡುಗನ ಭುಜಕ್ಕೆ ಮುಖ ಒತ್ತಿದಳು. ಅಕ್ಕ ಸೊಂಟಕ್ಕೆ ಕೈಯಿಟ್ಟು ಗಂಡನ ಮುಂದೆ ನಿಂತಳು. ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

“ಹಾಗಾದ್ರೆ ಇನ್ನೊಂದು ಹಾಕು,” ಅಂದಳು. “ಯಾವ ಮರದ್ದು ಬೇಕೋ ತಗೋ. ಎಲ್ಲಿಡಬೇಕೋ ನೀನೇ ಇಡು. ನಾನು ಮುಟ್ಟಲ್ಲ.”

“ಹಾಕ್ತೀನಿ. ಎಷ್ಟು ವರ್ಷಕ್ಕೆ?”

ಎದೆಯ ಹೊಲಿಗೆ ಇನ್ನೂ ಮಾಯದ, ನಾಲ್ಕು ಹೆಜ್ಜೆಗೆ ಇಬ್ಬರ ತೋಳು ಬೇಕಾದ ಆ ಮುದುಕನನ್ನು ಅಕ್ಕ ತಲೆಯಿಂದ ಕಾಲಿನವರೆಗೆ ನೋಡಿದಳು, ಆರಿಸುವ ಮೇಜಿನಲ್ಲಿ ನೋಡುತ್ತಿದ್ದ ಹಾಗೆಯೇ.

“ಮೂವತ್ತು,” ಅಂದಳು. “ಒಂದು ದಿನ ಕಮ್ಮಿ ಆದ್ರೂ ನಾನು ಒಪ್ಪಲ್ಲ.”